ಬೇಸಿಗೆಗೆ ಸೀಳಿದ ಹಲಗೆ

ಪ್ರಶ್ನೆ: ಹವ್ಯಾಸಕ್ಕೆಂದು ಮನೆಯಲ್ಲೇ ಹಲಸಿನ ಹಲಗೆಯ ಟೀಪಾಯಿ ಮಾಡಿದೆ. ಮಳೆಗಾಲದಲ್ಲಿ ಚೆನ್ನಾಗಿತ್ತು, ಮಾರ್ಚ್‌ನಲ್ಲಿ ನಟ್ಟನಡುವೆ ಸೀಳಿತು. ಅಂಟು, ಸ್ಕ್ರೂ ಎರಡೂ ಬಿಗಿಯಾಗಿಯೇ ಇದ್ದವು. ತಪ್ಪೆಲ್ಲಿ?

ಉತ್ತರ: ತಪ್ಪಿರುವುದು ಆ ಬಿಗಿಯಲ್ಲೇ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೇ ಬಾರದು. ಅಡ್ಡಕ್ಕೆ ಹಾಗಲ್ಲ, ಒಂದೂವರೆ ಅಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ತೋರಿಸಬಹುದು. ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು 2 ಪಟ್ಟು. ಹಲಗೆ ಡೊಂಕಾಗುವುದೂ ಇದರಿಂದಲೇ. ನಿಮ್ಮ ಹಲಗೆ ಕುಗ್ಗಲು ಹೊರಟಿತು, ಕೆಳಗಿನ ಅಡ್ಡಪಟ್ಟಿ ಬಿಡಲಿಲ್ಲ.

ಹಲಗೆಗೆ ಆಡಲು ಜಾಗ ಬಿಡುವುದು ಹೇಗೆಂದು ತಿಳಿಯಲು ಹಳೆಯ ಮನೆಯ ಚೌಕಟ್ಟಿನ ಬಾಗಿಲೊಂದನ್ನು ಹತ್ತಿರದಿಂದ ನೋಡಿ. ನಡುವಿನ ಹಲಗೆ ಅಂಟಿಲ್ಲದೆ ತೋಡಿನೊಳಗೆ ಕೂತಿರುತ್ತದೆ. ಬೇಸಿಗೆಯಲ್ಲಿ ಅದರ ಅಂಚಿನಲ್ಲಿ ಬಣ್ಣ ತಾಗದ ಸಣ್ಣ ಗೆರೆ ಹೊರಗೆ ಇಣುಕುತ್ತದೆ. ತೋಡಿನೊಳಗಿನ ಆ ಜಾಗ ಬಡಗಿ ಬೇಕೆಂದೇ ಬಿಟ್ಟದ್ದು. ಇಷ್ಟು ಸರಳವಾದ, ಇಷ್ಟು ಜಾಣ ಉಪಾಯ ನನಗೆ ಬೇರೆ ಕಂಡಿಲ್ಲ.

ನಿಮ್ಮ ಟೀಪಾಯಿಯ ಸೀಳಿಗೆ ಪುಟ್ಟಿ ತುಂಬಬೇಡಿ. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಅದು ಕಿತ್ತು ಬರುತ್ತದೆ. ಹಲಗೆ ಬಿಡಿಸಿ, ಸೀಳಿನ ಗುಂಟ ಕೊಯ್ದು, ಅಂಚಿಗೆ ಹತ್ತರಿ ಹೊಡೆದು ಎರಡು ತುಂಡನ್ನೂ ಅಂಟಿಸಿ. ಅಡ್ಡಪಟ್ಟಿಗೆ ಮಾತ್ರ ಅಂಟು ಬೇಡ. ಪಟ್ಟಿಯ ನಡುವಿನ ತೂತು ಗುಂಡಗಿರಲಿ. ತುದಿಯ ತೂತುಗಳನ್ನು ಪಟ್ಟಿಯ ಉದ್ದಕ್ಕೇ ಹಿಗ್ಗಿಸಿ, ವಾಷರ್ ಹಾಕಿ ಸ್ಕ್ರೂ ಕೂರಿಸಿ. ಹಲಗೆ ಆಡಿದಂತೆ ಸ್ಕ್ರೂ ಆ ಉದ್ದ ತೂತಿನಲ್ಲಿ ಜಾರುತ್ತದೆ. ಕಾಲುಗಳನ್ನು ಹಾಗೇ ಬಳಸಿ, ಅವಕ್ಕೇನೂ ಆಗಿರುವುದಿಲ್ಲ.