ಮೇಜಿನಾಚೆಯ ಗೆಲುವು

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂಥ ಹೋಬಳಿಯ ಊರಿನಲ್ಲಿಯೂ ಕ್ಯಾರಂ ಹಲಗೆಯನ್ನು ಕಾಣದ ಹುಡುಗರಿರಲಾರರು. ನಾಲ್ವರು ಆಡುತ್ತಿದ್ದರೆ ಎಂಟು ಮಂದಿ ಸುತ್ತ ನೆರೆದು, “ಅದನ್ನಲ್ಲ, ಇದನ್ನು ಹೊಡಿ” ಎಂದು ಬುದ್ಧಿ ಹೇಳುವುದೂ ಆಟದ ಒಂದು ಭಾಗವೇ. ಆದರೆ ಆ ಕ್ಯಾರಮ್ಮಿನ ಸಿರಿವಂತ ದಾಯಾದಿಗಳಾದ ಬಿಲಿಯರ್ಡ್ಸ್, ಸ್ನೂಕರ್ ಮತ್ತು ಪೂಲ್ ಆಟಗಳನ್ನು ಕಣ್ಣಾರೆ ಕಂಡವರು ಅಂಥ ಊರುಗಳಲ್ಲಿ ವಿರಳ. ಬಿಲಿಯರ್ಡ್ಸ್ ಮೇಜು 12 ಅಡಿ ಉದ್ದ, 6 ಅಡಿ ಅಗಲ. ಹಸುರು ಬಟ್ಟೆಯ ಕೆಳಗೆ ನುಣುಪಾದ ಕಲ್ಲಿನ ಹಾಸು. ಭಾರ ಒಂದು ಟನ್ನಿಗೂ ಮಿಗಿಲು. ಅದನ್ನು ಮನೆಯಲ್ಲಿ ಇರಿಸಿಕೊಳ್ಳುವುದೆಂದರೆ ಮೇಜಿಗಾಗಿಯೇ ಇನ್ನೊಂದು ಮನೆ ಕಟ್ಟಿಸಬೇಕು!

ನಮ್ಮಲ್ಲಿ ಬಹುಕಾಲ ಕ್ಲಬ್ಬುಗಳ ಬಾಗಿಲ ಹಿಂದೆಯೇ ಉಳಿದ ಆಟಗಳಿವು. ಕ್ರಿಕೆಟ್ಟಿನ ಬೀದಿ, ಕಬಡ್ಡಿಯ ಬಯಲು ಇವುಗಳಿಗಿಲ್ಲ. ಹೀಗಿರುವಾಗ ಇಂಥ ಆಟದ ಆಟಗಾರನೊಬ್ಬ ಜನರ ಪ್ರೀತಿಗೆ ಪಾತ್ರನಾಗುವುದು ಹೇಗೆ? ಕೋಲಿನ ಕೌಶಲವೊಂದೇ ಸಾಕೆ? ಲೋಕದ ಅನುಭವ ಬೇರೆಯದನ್ನೇ ಹೇಳುತ್ತದೆ.

ಮೌನದ ಆಟ

ಈ ಆಟಗಳಲ್ಲಿ ಪ್ರೇಕ್ಷಕರು ಮೇಜಿನಿಂದ ಕೆಲವೇ ಗಜಗಳ ದೂರದಲ್ಲಿ ಕುಳಿತಿರುತ್ತಾರೆ. ಆಟಗಾರ ಬಾಗಿ ಗುರಿ ಹಿಡಿದಾಗ ಒಬ್ಬರು ಕೆಮ್ಮಿದರೂ ಕೇಳಿಸುವಷ್ಟು ನಿಶ್ಶಬ್ದ. ಎದುರಾಳಿಯ ಸರದಿ ಬಂದಾಗ ಈತ ಕುರ್ಚಿಯಲ್ಲಿ ಸುಮ್ಮನೆ ಕುಳಿತು ಕಾಯಬೇಕು. ಕೆಲವೊಮ್ಮೆ ಅರ್ಧ ಗಂಟೆಯವರೆಗೂ. ಆಗ ಆತನ ಮುಖದಲ್ಲಿ ಮೂಡುವ ಅಸಮಾಧಾನ, ಅಸೂಯೆ, ಮೆಚ್ಚುಗೆ ಯಾವುದೂ ಪ್ರೇಕ್ಷಕರ ಕಣ್ಣಿಗೆ ಮರೆಯಾಗದು. ಆಟ ಮುಗಿದೊಡನೆ ಆ ಕೆಲವು ಗಜಗಳ ಅಂತರವನ್ನು ಆತ ದಾಟಿ ಬರುವನೋ, ಹಿಂಬಾಗಿಲಿನಿಂದ ಹೊರಟುಹೋಗುವನೋ ಎಂಬುದನ್ನು ಜನ ಗಮನಿಸುತ್ತಾರೆ; ಗಮನಿಸಿದ್ದನ್ನು ಮರೆಯುವುದಿಲ್ಲ.

ಸೋತವನಿಗೆ ಹಾರ

ಅಮೆರಿಕದ ವಿಲ್ಲಿ ಮಾಸ್ಕೋನಿ ಅವರ ಕಥೆಯನ್ನು ನೋಡಿ. 15 ಸಲ ವಿಶ್ವವಿಜೇತರಾದ ಪೂಲ್ ಪಟು ಅವರು. 1954ರಲ್ಲಿ ಒಂದೇ ಸರದಿಯಲ್ಲಿ, ಒಮ್ಮೆಯೂ ತಪ್ಪದೆ, 526 ಚೆಂಡುಗಳನ್ನು ಕುಳಿಗೆ ಕಳುಹಿಸಿದವರು. ಉಡುಪಿನಲ್ಲಿ, ನಡೆಯಲ್ಲಿ, ಮಾತಿನಲ್ಲಿ ಕಟ್ಟುನಿಟ್ಟು. ಅವರ ಸಮಕಾಲೀನ ರುಡಾಲ್ಫ್ ವಾಂಡರೋನ್ ಮಹತ್ವದ ಒಂದು ಸ್ಪರ್ಧೆಯನ್ನೂ ಗೆದ್ದವರಲ್ಲ. 1961ರ ‘ದಿ ಹಸ್ಲರ್’ ಚಿತ್ರದ ಪಾತ್ರವೊಂದರ ಹೆಸರನ್ನು ತಮ್ಮದೆಂದೇ ಸಾರಿಕೊಂಡು, ‘ಮಿನ್ನೆಸೋಟ ಫ್ಯಾಟ್ಸ್’ ಆಗಿ ಮೆರೆದರು. ಬಾಯಿತುಂಬ ಹರಟೆ, ಬಂದವರಿಗೆಲ್ಲ ನಗು. ನ್ಯಾಷ್‌ವಿಲ್ ನಗರದ ಹೋಟೆಲೊಂದರಲ್ಲಿ ವಾಸವಾಗಿದ್ದ ಕಾಲದಲ್ಲಿ ಹಸ್ತಾಕ್ಷರ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ರಬ್ಬರಿನ ಮೊಹರನ್ನೇ ಮಾಡಿಸಿಟ್ಟುಕೊಂಡಿದ್ದರು!

1978ರ ಫೆಬ್ರವರಿ 14ರಂದು ದೂರದರ್ಶನದಲ್ಲಿ ಇಬ್ಬರ ಪಂದ್ಯವನ್ನು ತೋರಿಸಲಾಯಿತು. ಗೆದ್ದವರು ಮಾಸ್ಕೋನಿ, ಪಂದ್ಯದುದ್ದಕ್ಕೂ ಮಾತಾಡಿ ಜನರನ್ನು ನಗಿಸಿದವರು ಫ್ಯಾಟ್ಸ್. ಪೂಲ್ ಎಂದೊಡನೆ ಸಾಮಾನ್ಯ ಅಮೆರಿಕನ್ನನ ನಾಲಗೆಗೆ ಬರುತ್ತಿದ್ದುದು ಸೋತವರ ಹೆಸರೇ. ಜೀವಮಾನದ ಸಾಧನೆಯನ್ನು ಹರಟೆಯೊಂದು ಹಿಂದಿಕ್ಕಿತಲ್ಲ ಎಂಬ ನೋವು ಮಾಸ್ಕೋನಿ ಅವರಿಗಿದ್ದುದು ಸಹಜ. ಅದರಲ್ಲಿ ಅನ್ಯಾಯದ ಅಂಶವೂ ಇಲ್ಲದಿಲ್ಲ.

ಕೌಶಲವೂ ಸರಳತೆಯೂ

ಎರಡೂ ಒಬ್ಬರಲ್ಲೇ ಕೂಡಿದರೆ? ಅದಕ್ಕೆ ಉದಾಹರಣೆ ಫಿಲಿಪೀನ್ಸಿನ ಎಫ್ರೆನ್ ರೇಯಸ್. 1954ರಲ್ಲಿ ಹುಟ್ಟಿದ ಇವರು ಮನೀಲಾದಲ್ಲಿ ಸಂಬಂಧಿಕರೊಬ್ಬರ ಪೂಲ್ ಅಂಗಡಿಯಲ್ಲಿ ಬೆಳೆದವರು. ರಾತ್ರಿ ಮಲಗುತ್ತಿದ್ದುದೂ ಆಟದ ಮೇಜಿನ ಮೇಲೆಯೇ. 1996ರಲ್ಲಿ ಹಾಂಕಾಂಗಿನಲ್ಲಿ ಮೂರು ದಿನ ನಡೆದ ಪಂದ್ಯದಲ್ಲಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲೆಂಡರನ್ನು 120-117ರಿಂದ ಮಣಿಸಿ ಒಂದು ಲಕ್ಷ ಡಾಲರ್ ಗೆದ್ದರು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವವಿಜೇತರಾದರು. ‘ಮಾಂತ್ರಿಕ’ ಎಂಬ ಬಿರುದು ಬಂದರೂ ತಲೆ ಕೆರೆದುಕೊಂಡು ಸಂಕೋಚದಿಂದ ನಗುವ ಅಭ್ಯಾಸ ಬಿಡಲಿಲ್ಲ.

ಆ ನಗುವಿನ ಬೆಲೆ 2022ರ ಮೇ ತಿಂಗಳಲ್ಲಿ ಹನೋಯ್ ನಗರದಲ್ಲಿ ಕಂಡಿತು. ಆಗ್ನೇಯ ಏಷ್ಯಾ ಕ್ರೀಡಾಕೂಟಕ್ಕೆ ಬಂದ 67 ವರ್ಷದ ರೇಯಸ್ ಅವರನ್ನು ನೋಡಲು, ಅವರೊಡನೆ ಚಿತ್ರ ತೆಗೆಸಿಕೊಳ್ಳಲು, ಪರದೇಶದ ಜನ ಮುಗಿಬಿದ್ದರು. ಚಿನ್ನ ಅವರಿಗೆ ದೊರೆಯಲಿಲ್ಲ, ಪ್ರೀತಿಗೆ ಕೊರತೆಯಾಗಲಿಲ್ಲ.

ಬೆಂಗಳೂರಿನ ಹೆಮ್ಮೆ

ನಮ್ಮ ನಾಡಿನತ್ತ ತಿರುಗಿದರೆ ಕಾಣುವವರು ಪಂಕಜ್ ಅಡ್ವಾಣಿ. 1985ರಲ್ಲಿ ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಬಳಿ ಪಳಗಿ, 2003ರಲ್ಲಿ 18ರ ಹರೆಯದಲ್ಲೇ ಚೀನದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದರು. 2018ರಲ್ಲಿ ಪದ್ಮಭೂಷಣ ಸಂದಿತು. 2024ರ ನವೆಂಬರ್ ವೇಳೆಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ನಡುವೆ ವೃತ್ತಿಪರ ಸ್ನೂಕರ್ ಆಡಲು ಬ್ರಿಟನ್ನಿಗೆ ಹೋದವರು 2014ರಲ್ಲಿ ಅದನ್ನು ತೊರೆದು ಮನೆಗೆ ಮರಳಿದರು.

ಇಷ್ಟು ಪ್ರಶಸ್ತಿ ಕ್ರಿಕೆಟ್ಟಿನಲ್ಲಿ ಬಂದಿದ್ದರೆ ಬೀದಿಬೀದಿಗೂ ಚಿತ್ರಪಟಗಳಿರುತ್ತಿದ್ದವು. ಅದಿಲ್ಲದೆಯೂ ಅಡ್ವಾಣಿ ಎಂಬ ಹೆಸರು, ಬಿಲಿಯರ್ಡ್ಸಿನ ನಿಯಮ ತಿಳಿಯದ ಮನೆಗಳಲ್ಲಿಯೂ ಪರಿಚಿತ. ಮೃದುವಾದ ಮಾತು, ಸೋಲುಗೆಲುವುಗಳಲ್ಲಿ ಕೆಡದ ಮುಖಭಾವ ಇದಕ್ಕೆ ನೆರವಾಗಿವೆ. ಜನ ಅಂಕಗಳನ್ನು ಎಣಿಸಲಾರರು. ಆದರೆ ಮನುಷ್ಯನನ್ನು ಅಳೆಯಬಲ್ಲರು.

ಹಾಗೆಂದು ನಗು ಆಟಗಾರ ಕಟ್ಟಲೇಬೇಕಾದ ತೆರಿಗೆಯಲ್ಲ. ಮೇಜಿನ ಮುಂದೆ ಏಕಾಗ್ರತೆಯಿಂದ ಬಿಗಿದ ಮುಖವನ್ನು ಗರ್ವವೆಂದು ತಿಳಿಯುವುದು ಪ್ರೇಕ್ಷಕರ ತಪ್ಪು. ಮಾಸ್ಕೋನಿ ಅವರ 526ನ್ನು ಫ್ಯಾಟ್ಸರ ಯಾವ ಹರಟೆಯೂ ಅಳಿಸಲಾರದು. ಆದರೆ ಆಟವೊಂದು ಕ್ಲಬ್ಬಿನ ಬಾಗಿಲು ದಾಟಿ ಸಾಮಾನ್ಯರ ಮನೆಗೆ ಬರಬೇಕಾದರೆ ಕೈಹಿಡಿದು ಕರೆತರುವವರೊಬ್ಬರು ಬೇಕು. ಕ್ಯಾರಂ ಹಲಗೆಯ ಮುಂದೆ ಕುಳಿತ ಹುಡುಗನಿಗೆ ಟನ್ ಭಾರದ ಮೇಜು ಎಟುಕದು. ವಿಶ್ವವಿಜೇತನೊಬ್ಬ ನಿಂತು ಆಡುವ ಎರಡು ಮಾತು ಅವನಿಗೆ ಎಟುಕುತ್ತದೆ. ಆಟದ ಮೇಲಿನ ಆಸೆ ಮೊಳೆಯಲು ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ.