ಎಳ್ಳಿಗೆ ಮುಳ್ಳು ಮೂಡುವ ಹೊತ್ತು

ಜನವರಿ ಹುಟ್ಟಿದ ಕೂಡಲೇ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕುಸುರೆಳ್ಳಿನ ರಾಶಿ ಕಾಣಿಸಿಕೊಳ್ಳುತ್ತದೆ. ಬಿಳಿಯದು ಒಂದು ಕಡೆ, ಗುಲಾಬಿ, ಹಳದಿ, ಹಸಿರು ಬೆರೆತದ್ದು ಇನ್ನೊಂದು ಕಡೆ. ಸಂಕ್ರಮಣದ ಸಂಜೆ ಹಂಚಲು ಬೇಕಾದಷ್ಟು ತೂಗಿಸಿಕೊಂಡರೆ ಐದೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೂ ಇಲ್ಲಿಯ ಕೆಲವು ಮನೆಗಳಲ್ಲಿ ಹಬ್ಬಕ್ಕೆ ವಾರ, ಹತ್ತು ದಿನ ಇರುವಾಗಲೇ ಅಟ್ಟದ ಮೇಲಿನ ಅಗಲವಾದ ಪರಾತ ಕೆಳಗಿಳಿಯುತ್ತದೆ. ಮುಂದಿನ ನಾಲ್ಕಾರು ದಿನ ಮನೆಮಂದಿಯೆಲ್ಲ ಅದರ ಸುತ್ತ.

ಕುಸುರೆಳ್ಳಿಗೆ ಬೇಕಾದದ್ದು ಎಳ್ಳು ಮತ್ತು ಸಕ್ಕರೆ, ಜೊತೆಗೆ ಒಂದಿಷ್ಟು ಹಾಲು, ನಾಲ್ಕು ಹನಿ ನಿಂಬೆರಸ. ಇಷ್ಟು ಕಡಿಮೆ ಸಾಮಾನಿನ ತಿನಿಸು ಇಷ್ಟು ಸಮಯ ಬೇಡುವುದು ಅಪರೂಪ. ಒಂದು ಹಿಡಿ ಎಳ್ಳಿಗೆ ಅರ್ಧ ಕಿಲೋ ಸಕ್ಕರೆಯಾದರೂ ಹಿಡಿಯುತ್ತದೆ. ಅಷ್ಟೂ ಸಕ್ಕರೆ ಒಮ್ಮೆಲೇ ಎಳ್ಳಿಗೆ ಹತ್ತುವುದಿಲ್ಲ. ಚಮಚದ ಲೆಕ್ಕದಲ್ಲಿ, ಪದರದ ಮೇಲೆ ಪದರವಾಗಿ ಹತ್ತಬೇಕು.

ಮೊದಲು ಎಳ್ಳನ್ನು ತೊಳೆದು, ಸಿಪ್ಪೆ ಬಿಡಿಸಿ, ನೆರಳಲ್ಲಿ ಒಣಗಿಸುತ್ತಾರೆ. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಬಿಟ್ಟರೆ ಅದು ಒಡೆದು, ಸಕ್ಕರೆಯಲ್ಲಿದ್ದ ಹೊಲಸನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿಯಾಗುತ್ತದೆ. ನಿಂಬೆಯ ಹುಳಿ, ಪಾಕ ಪಾತ್ರೆಯಲ್ಲೇ ಹರಳುಗಟ್ಟದಂತೆ ತಡೆಯುತ್ತದೆ. ಎರಡು ಬೆರಳ ನಡುವೆ ಒಂದೆಳೆ ಬಂದರೆ ಹದ ಸರಿಯಾಯಿತು ಎಂದರ್ಥ.

ನಿಜವಾದ ಕೆಲಸ ಇಲ್ಲಿಂದ ಆಚೆಗೆ. ಶೇಗಡಿಯ ಕೆಂಡಕ್ಕೆ ಬೂದಿ ಮುಚ್ಚಿ, ಅದರ ಮೇಲೆ ಪರಾತ ಇಟ್ಟು ಎಳ್ಳು ಹರಡುತ್ತಾರೆ. ಒಂದು ಚಮಚ ಪಾಕ ಚಿಮುಕಿಸಿ, ಬೆರಳ ತುದಿಯಿಂದ ಹಗುರವಾಗಿ ಕೈಯಾಡಿಸುತ್ತಲೇ ಇರಬೇಕು. ನೀರಿನಂಶ ಆರಿ, ಕಾಳು ಬಿಡಿಬಿಡಿಯಾಗಿ ಸರಸರ ಸದ್ದು ಮಾಡತೊಡಗಿದ ಮೇಲೆ ಮತ್ತೊಂದು ಚಮಚ. ಅವಸರ ಮಾಡಿ ಪಾಕ ಹೆಚ್ಚು ಸುರಿದರೆ ಕಾಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಬೆಂಕಿ ಜೋರಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ, ಆಗಲೇ ಮೂಡಿದ ಮುಳ್ಳೂ ಕರಗಿಹೋಗುತ್ತದೆ. ಪರಾತದ ತಳದಲ್ಲಿ ಸೇರುವ ಸಕ್ಕರೆ ಹಿಟ್ಟನ್ನು ಆಗಾಗ ಜರಡಿ ಹಿಡಿದು ತೆಗೆಯಬೇಕು. ಅದನ್ನು ಚೆಲ್ಲುವುದಿಲ್ಲ, ಮುಂದಿನ ಪಾಕಕ್ಕೆ ಸೇರಿಸುತ್ತಾರೆ.

ಮೊದಲ ದಿನ ಎಳ್ಳು ಬೆಳ್ಳಗಾಗುತ್ತದೆ, ಅಷ್ಟೇ. ದಿನಗಳು ಕಳೆದಂತೆ ಕಾಳಿನ ಮೈ ಒರಟಾಗಿ, ಆಮೇಲೆ ಸಣ್ಣ ಸಣ್ಣ ಮುಳ್ಳು ಎದ್ದು ನಿಲ್ಲುತ್ತವೆ. ಎಲ್ಲಿ ಕೊಂಚ ಉಬ್ಬಿದೆಯೋ ಅಲ್ಲಿಗೇ ಪಾಕ ಮೊದಲು ಮೆತ್ತಿಕೊಂಡು ಒಣಗುವುದರಿಂದ ಆ ಉಬ್ಬು ಇನ್ನಷ್ಟು ಉದ್ದವಾಗುತ್ತ ಹೋಗುತ್ತದೆ. ನಸುಕಿನ ಚಳಿಯಲ್ಲಿ ಕೂತರೆ ಮುಳ್ಳು ಚೆಂದ ಬರುತ್ತದೆ ಎಂಬುದು ಹಳಬರ ಅನುಭವ. ಕಲಬುರಗಿಯ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ: ಗಾಳಿ ಒಣ, ರಾತ್ರಿಯ ಉಷ್ಣತೆ ಎಷ್ಟೋ ಸಲ 15 ಡಿಗ್ರಿಗಿಂತ ಕೆಳಗೆ. ಮೇ ತಿಂಗಳ ಉರಿಯಲ್ಲಿ ಶೇಗಡಿಯ ಮುಂದೆ ಗಂಟೆಗಟ್ಟಲೆ ಯಾರು ತಾನೇ ಕೂತಾರು?

ಒಬ್ಬರಿಂದ ಆಗುವ ಕೆಲಸ ಇದಲ್ಲ. ಆಯಿಯ ಕಣ್ಣು ಪಾಕದ ಮೇಲೆ. ಅವ್ವ, ಕಾಕಿ ಸರದಿಯ ಮೇಲೆ ಪರಾತದ ಮುಂದೆ ಕೂರುತ್ತಾರೆ. ಒಬ್ಬರ ಬೆರಳು ಬಿಸಿಗೆ ಕೆಂಪಾದಾಗ ಇನ್ನೊಬ್ಬರು ಕೈ ಹಚ್ಚುತ್ತಾರೆ. ಜರಡಿ ಹಿಡಿಯುವುದು ದೊಡ್ಡ ಮಕ್ಕಳ ಪಾಲಿಗೆ. ಸಣ್ಣವರಿಗೆ ಎಳ್ಳಿನ ಬದಲು ಸಾಬೂದಾಣಿಯನ್ನೋ ಶೇಂಗಾವನ್ನೋ ಕೊಟ್ಟು ಕೂರಿಸಬಹುದು, ಕಾಳು ದೊಡ್ಡದಾದಷ್ಟೂ ಕೈಗೆ ಸುಲಭ. ಸೋಂಪು, ಲವಂಗ, ಕಲ್ಲಂಗಡಿ ಬೀಜಕ್ಕೂ ಇದೇ ರೀತಿ ಸಕ್ಕರೆ ಹತ್ತಿಸುತ್ತಾರೆ.

ಇಂಥದ್ದೇ ತಿನಿಸು ದೂರದ ಜಪಾನಿನಲ್ಲೂ ಇದೆ. ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್ 1569ರಲ್ಲಿ ಅಲ್ಲಿನ ಸೇನಾನಾಯಕ ಓಡಾ ನೊಬುನಾಗಾನಿಗೆ ಗಾಜಿನ ಶೀಷೆಯಲ್ಲಿ ತುಂಬಿ ಕಾಣಿಕೆ ಕೊಟ್ಟ ಸಕ್ಕರೆ ಕಾಳು ಮುಂದೆ ಅಲ್ಲಿ ‘ಕೊಂಪೇಯಿತೊ’ ಆಯಿತು. ಬಿಸಿ ಕಡಾಯಿಯಲ್ಲಿ ಕಾಳನ್ನು ಉರುಳಿಸುತ್ತ, ಪಾಕ ಚಿಮುಕಿಸುತ್ತ ಅದನ್ನು ಮಾಡಲು ಸುಮಾರು ಎರಡು ವಾರ ಬೇಕು. ಅದರ ಮೈಮೇಲೆ ಕೊಂಬು ಏಕೆ ಮೂಡುತ್ತವೆ ಎಂಬ ಪ್ರಶ್ನೆ ಭೌತವಿಜ್ಞಾನಿ ತೆರಾದಾ ತೊರಾಹಿಕೊ ಅವರನ್ನೂ ಕಾಡಿತ್ತು. ಪರಾತದ ಮುಂದೆ ಕೂತ ಮಗುವೂ ಕೇಳುವುದು ಅದನ್ನೇ.

ಸಂಕ್ರಮಣದ ಹೊತ್ತಿಗೆ ಕಲಬುರಗಿ ಭಾಗದ ಹಳ್ಳಿಗಳಲ್ಲಿ ಮಾತು ತೊಗರಿ ರಾಶಿಯದ್ದು, ಎಳ್ಳಿನದ್ದು. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಜ್ಜಿ, ರೊಟ್ಟಿ ಉಂಡು ಬಂದಿರುತ್ತಾರೆ. ಭೋಗಿಯ ಸಜ್ಜಿ ರೊಟ್ಟಿಯ ಮೇಲೂ ಎಳ್ಳು ಉದುರಿಸಿರುತ್ತದೆ. ಸಕ್ಕರೆಯೂ ದೂರದ್ದಲ್ಲ: ಆಳಂದ, ಅಫಜಲಪುರ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ.

ಉತ್ತರ ಕರ್ನಾಟಕದ ಹಬ್ಬಗಳಲ್ಲಿ ಸಕ್ಕರೆಯ ಕುಸುರಿ ಇದೊಂದೇ ಅಲ್ಲ. ಕಾರ್ತಿಕದ ಗೌರಿ ಹುಣ್ಣಿಮೆಗೆ ನೀರಲ್ಲಿ ನೆನೆಸಿದ ಮರದ ಅಚ್ಚಿಗೆ ಪಾಕ ಹೊಯ್ದು ತೇರು, ಆನೆ, ನವಿಲಿನ ಸಕ್ಕರೆ ಆರತಿ ತೆಗೆಯುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಅದನ್ನು ಒಯ್ಯುತ್ತಾರೆ. ಹೋಳಿ ಹಬ್ಬಕ್ಕೆ ಮಕ್ಕಳ ಕೊರಳಿಗೆ ಸಕ್ಕರೆ ಸರ. ಇವೆರಡೂ ಒಂದೇ ದಿನದಲ್ಲಿ ಆಗುವ ಕೆಲಸ. ಕುಸುರೆಳ್ಳಿನ ತಾಳ್ಮೆಯೇ ಬೇರೆ.

ತಿರುಗುವ ಯಂತ್ರದ ಕಡಾಯಿ ಬಂದ ಮೇಲೆ ಪೇಟೆಯ ಕುಸುರೆಳ್ಳು ಅಗ್ಗವಾಯಿತು, ಎಲ್ಲರ ಕೈಗೂ ಎಟುಕಿತು. ಅದು ಒಳ್ಳೆಯದೇ. ಆದರೆ ಬಾಯಿಗೆ ಹಾಕಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಕೈಯಿಂದ ಮಾಡಿದ್ದರ ಮುಳ್ಳು ನಾಲಿಗೆಗೆ ತಾಗಿ ಪುಡಿಯಾಗಿ, ನಡುವಿನ ಎಳ್ಳಿನ ಘಮ ಕೊನೆಗೆ ಬರುತ್ತದೆ. ಈ ಬೆರಳ ಹದವನ್ನು ಬರೆದಿಟ್ಟು ಕಲಿಸಲಾಗದು. ಆದ್ದರಿಂದ ಬಲ್ಲವರು ಇರುವಾಗಲೇ ಮನೆಯ ಹುಡುಗ, ಹುಡುಗಿಯರು ಅವರ ಪಕ್ಕ ಕೂರಬೇಕು.

ಸಂಕ್ರಮಣದ ಸಂಜೆ ಹೊಸ ಬಟ್ಟೆ ತೊಟ್ಟ ಮಕ್ಕಳು ಡಬ್ಬಿ ಹಿಡಿದು ಓಣಿ ಸುತ್ತುತ್ತಾರೆ. ‘ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ’ ಎನ್ನುತ್ತ ಹಿರಿಯರ ಕೈಗೆ ಕುಸುರೆಳ್ಳು ಇಟ್ಟು ಕಾಲಿಗೆರಗುತ್ತಾರೆ. ಮಹಾರಾಷ್ಟ್ರದಲ್ಲಿ ಹೊಸ ಸೊಸೆಗೂ ಕೂಸಿಗೂ ಇದನ್ನೇ ಪೋಣಿಸಿ ಸರ, ಬಳೆ, ಕಿರೀಟ ತೊಡಿಸುತ್ತಾರೆ. ಗಡಿಯ ಈಚೆಗೂ ಆ ಆಭರಣ ಬಲ್ಲ ಮನೆಗಳಿವೆ. ಇನ್ನು ಎಳೆಯ ಮಕ್ಕಳಿಗೆ ಕರಿ ಎರೆಯುವ ಸಂಭ್ರಮ: ಕೂಸನ್ನು ಮಣೆಯ ಮೇಲೆ ಕೂರಿಸಿ, ಬಾರಿ ಹಣ್ಣು, ಕಬ್ಬಿನ ತುಂಡು, ಚುರುಮುರಿಯ ಜೊತೆ ಕುಸುರೆಳ್ಳನ್ನೂ ತಲೆಯ ಮೇಲಿಂದ ಸುರಿಯುತ್ತಾರೆ. ಸುತ್ತ ಕಾದು ನಿಂತ ಓಣಿಯ ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತ, ನೆಲಕ್ಕೆ ಬಿದ್ದದ್ದನ್ನೆಲ್ಲ ಆರಿಸಿ ಕಿಸೆ ತುಂಬಿಕೊಳ್ಳುತ್ತಾರೆ.