ನಿನ್ನೆಯ ಇಷ್ಟ ಇಂದೇಕೆ ಬೇಸರ?

ಮಕ್ಕಳೇ, ಬೇವೂರಿನಂತಹ ನಮ್ಮ ಜಿಲ್ಲೆಯ ಊರುಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಚಿಕ್ಕವರಿಗೆ ಸಂಭ್ರಮ. ಎರೆಮಣ್ಣು ತಂದು, ನಾದಿ, ಎತ್ತು ಮಾಡುತ್ತಾರೆ. ಮೂರನೆಯ ತರಗತಿಯಲ್ಲಿ ಊಟ ಮರೆತು ಎತ್ತು ಮಾಡಿದವರೇ ಏಳನೆಯ ತರಗತಿಗೆ ಬಂದಾಗ “ನನಗ ಬ್ಯಾಡ” ಎನ್ನುವುದುಂಟು. ಮಣ್ಣು ಅದೇ, ಕೈಗಳೂ ಅವೇ. ಹಾಗಾದರೆ ಬದಲಾದದ್ದು ಏನು?

ಇಳಕಲ್ಲಿನ ನೇಕಾರರ ಮನೆಯನ್ನು ನೆನೆಯಿರಿ. ಹೊಸಬರಿಗೆ ಮಗ್ಗದ ಟಕ್ ಟಕ್ ಸದ್ದು ಜೋರಾಗಿ ಕೇಳುತ್ತದೆ. ಮನೆಯವರಿಗೆ ಅದು ಗಮನಕ್ಕೇ ಬರುವುದಿಲ್ಲ. ಒಂದೇ ಅನುಭವ ಮತ್ತೆ ಮತ್ತೆ ಬಂದರೆ ನರಮಂಡಲ ಅದಕ್ಕೆ ಕಡಿಮೆ ಪ್ರತಿಕ್ರಿಯೆ ತೋರಿಸುತ್ತದೆ. ಇದೇ ‘ರೂಢಿಗೊಳ್ಳುವಿಕೆ’.

ವಿಜ್ಞಾನಿ ಎರಿಕ್ ಕ್ಯಾಂಡೆಲ್ ಇದನ್ನು ಅಪ್ಲಿಸಿಯಾ ಎಂಬ ಕಡಲಜೀವಿಯಲ್ಲಿ ಪರೀಕ್ಷಿಸಿದರು. ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಸ್ಪರ್ಶ ತಿಳಿಸುವ ನರಕೋಶವು ಮುಂದಿನ ನರಕೋಶಕ್ಕೆ ಕಡಿಮೆ ರಾಸಾಯನಿಕ ಬಿಡುವುದೇ ಇದಕ್ಕೆ ಕಾರಣ. ಬಿಡುವು ಕೊಟ್ಟರೆ ಪ್ರತಿಕ್ರಿಯೆ ಮರಳುತ್ತದೆ! ಕಲಿಕೆ ಮತ್ತು ನೆನಪಿನ ಕುರಿತ ಸಂಶೋಧನೆಗಾಗಿ ಕ್ಯಾಂಡೆಲ್ 2000ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ನಮ್ಮ ಆಸಕ್ತಿ ಇಷ್ಟು ಸರಳವಲ್ಲ. ವಯಸ್ಸಾದಂತೆ ಹೊಸ ಇಷ್ಟಗಳು ಹುಟ್ಟುತ್ತವೆ; ಹಳೆಯವು ಹಿಂದೆ ಸರಿಯುತ್ತವೆ. ಅದು ತಪ್ಪಲ್ಲ. ಕೆಲವೊಮ್ಮೆ ಬಹುಮಾನವೂ ಆಸಕ್ತಿಯನ್ನು ಕುಂದಿಸುತ್ತದೆ. ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಇದನ್ನು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ “ಬರೆದರೆ ಬಹುಮಾನ” ಎಂದು ಮೊದಲೇ ಹೇಳಿ, ಕೊಟ್ಟರು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆದ ಸಮಯ ಉಳಿದವರ ಸುಮಾರು ಅರ್ಧದಷ್ಟಿತ್ತು. ಆಟವಾಗಿದ್ದದ್ದು ಅವರಿಗೆ ಕೆಲಸವಾಗಿತ್ತು.

ಹಳೆಯ ಇಷ್ಟ ಮರಳಬೇಕೆಂದರೆ ಅದಕ್ಕೊಂದು ಹೊಸ ಪ್ರಶ್ನೆ ಕೇಳಿರಿ. ಮಣ್ಣೆತ್ತು ಒಣಗಿದಾಗ ಏಕೆ ಬಿರಿಯುತ್ತದೆ? ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮೇಲ್ಭಾಗ ಬೇಗ ಒಣಗಿ, ಒಳಭಾಗ ಹಸಿಯಾಗಿಯೇ ಉಳಿದರೆ ಬಿರುಕು ಮೂಡುತ್ತದೆ.

ಮಾಡಿ ನೋಡಿ: ಒಂದೇ ಗಾತ್ರದ ಮೂರು ಮಣ್ಣೆತ್ತು ಮಾಡಿರಿ. ಮೊದಲನೆಯದನ್ನು ಬಿಸಿಲಿನಲ್ಲಿ, ಎರಡನೆಯದನ್ನು ನೆರಳಿನಲ್ಲಿ ಒಣಗಿಸಿರಿ. ಮೂರನೆಯದರ ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ಬಿಸಿಲಿಗಿಡಿರಿ. ಯಾವುದರಲ್ಲಿ ಬಿರುಕು ಹೆಚ್ಚು? ಬರೆದಿಡಿರಿ.

ನೆನಪಿಡಿ: ಒಂದು ಆಟ ಬೇಸರವಾಗುವುದು ಸಹಜ. ಆದರೆ ಆಟ, ಗೆಳೆಯರು, ಊಟ ಎಲ್ಲವೂ ಎರಡು ವಾರ ಬೇಡವೆನಿಸಿದರೆ ಅದು ಸೋಮಾರಿತನವಲ್ಲ. ಮನಸ್ಸಿಗೆ ಆರೈಕೆ ಬೇಕಾಗಿರಬಹುದು. ಅವ್ವ, ಅಪ್ಪ ಅಥವಾ ನಿಮ್ಮ ಶಿಕ್ಷಕರಿಗೆ ತಪ್ಪದೆ ಹೇಳಿರಿ.